ಸಿಂಗಲ್ಸ್ ಬಿಟ್ಟ ಬೋಪಣ್ಣ, 43ಕ್ಕೆ ನಂಬರ್ 1

ಗೋಕಾಕದಲ್ಲಿ ಬೆಳೆದ ನನ್ನ ವಯಸ್ಸಿನವರನ್ನು ಯಾರನ್ನಾದರೂ ಕೇಳಿ ನೋಡಿ. ಟೆನಿಸ್ ಬಾಲ್ ಎಲ್ಲರಿಗೂ ಗೊತ್ತು, ಟೆನಿಸ್ ಮಾತ್ರ ಗೊತ್ತಿಲ್ಲ. ನಮಗೆ ಟೆನಿಸ್ ಬಾಲ್ ಅಂದ್ರೆ ಕ್ರಿಕೆಟ್ ಆಡೋ ಬಾಲ್. ತಲೆಗೆ ಐದೈದು ರೂಪಾಯಿ ಪಟ್ಟಿ ಹಾಕಿ ತರ್ತಿದ್ವಿ. ಅದಕ್ಕೆ ಎಲೆಕ್ಟ್ರಿಕ್ ಟೇಪ್ ಸುತ್ತಿ ಸ್ವಿಂಗ್ ಮಾಡ್ತಿದ್ವಿ. ಬಾಲ್ ಹೊಳಿಗೆ ಬಿದ್ದರೆ ಆವತ್ತಿನ ಆಟ ಅಲ್ಲಿಗೇ ಮುಗೀತು. ಆ ಬಾಲಿಗೆ ಬೇರೆ ಒಂದು ಆಟ ಇದೆ, ಅದನ್ನು ಆಡಿ ಯಾರೋ ಹೊಟ್ಟೆ ಹೊರೆಯುತ್ತಾರೆ ಅನ್ನೋದು ನಮ್ಮ ತಲೆಗೇ ಬಂದಿರಲಿಲ್ಲ.

ಹಾಗಾಗಿ ನಾನು ಟೆನಿಸ್ ಪಂಡಿತ ಅಲ್ಲ ಅಂತ ಮೊದಲೇ ಹೇಳಿಬಿಡ್ತೀನಿ. ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದ ಮೇಲೆ ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯೋಕೆ ಅಂತ ವಿಂಬಲ್ಡನ್, ಯುಎಸ್ ಓಪನ್ ನೋಡುತ್ತಾ ಚಟ ಹತ್ತಿಸಿಕೊಂಡವನು. ಎಲ್ಲರ ಹಾಗೆ ಫೆಡರರ್, ನಡಾಲ್ ಅಂತ ಶುರು ಮಾಡಿದೆ. ಆದರೆ ಮೂವತ್ತರ ಹೊಸ್ತಿಲಲ್ಲಿ ನನ್ನನ್ನು ನಿಜವಾಗಿ ಹಿಡಿದು ಕೂರಿಸಿದ್ದು ಅವರಿಬ್ಬರೂ ಅಲ್ಲ. ಕೊಡಗಿನ ರೋಹನ್ ಬೋಪಣ್ಣ.

ಆ ಶನಿವಾರ ಸಂಜೆ

2024ರ ಜನವರಿ 27. ಗಣರಾಜ್ಯೋತ್ಸವ ಶುಕ್ರವಾರ ಬಂದಿದ್ದರಿಂದ ಮೂರು ದಿನ ಸಾಲು ರಜೆ. ರಾತ್ರಿ ಬಸ್ ಹತ್ತಿ ಊರಿಗೆ ಹೋಗಿದ್ದೆ. ಶನಿವಾರ ಸಂಜೆ ಅಪ್ಪನ ಟೇಲರ್ ಅಂಗಡಿಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಮೊಬೈಲಿನಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಫೈನಲ್ ನೋಡುತ್ತಿದ್ದೆ. ಒಂದು ಕಡೆ ಬೋಪಣ್ಣ ಮತ್ತು ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್. ಇನ್ನೊಂದು ಕಡೆ ಇಟಲಿಯ ಸಿಮೋನ್ ಬೊಲೆಲ್ಲಿ ಮತ್ತು ಆಂದ್ರಿಯಾ ವವಸ್ಸೋರಿ.

ಮಷಿನ್ ನಿಲ್ಲಿಸಿ ಅಪ್ಪ ಹಿಂದಿನಿಂದ ಬಗ್ಗಿ ನೋಡಿದರು.

"ಯಾರವ ತಮ್ಮಾ, ಗಡ್ಡದಂವ?"

"ನಮ್ಮ ಕರ್ನಾಟಕದಂವನ ಅಪ್ಪಾ. ಕೊಡಗಿನವ್ರು. ನಲವತ್ಮೂರು ವರ್ಷ."

"ನಲವತ್ಮೂರಕ್ಕ ಇನ್ನೂ ಆಡಾಕತ್ತಾನಾ?"

"ಡಬಲ್ಸ್ ಅಪ್ಪಾ. ಈ ಕಡೆ ಇಬ್ಬರು, ಆ ಕಡೆ ಇಬ್ಬರು."

"ಹಂಗಾರ ಅರ್ಧಾ ಆಟ ಅನ್ನು" ಅಂತ ನಕ್ಕು ಮತ್ತೆ ಮಷಿನ್ ತುಳಿಯೋಕೆ ಕೂತರು.

ಅಪ್ಪ ತಮಾಷೆಗೆ ಅಂದಿದ್ದು. ಆದರೆ ಡಬಲ್ಸ್ ಬಗ್ಗೆ ಜಗತ್ತೇ ಹೆಚ್ಚುಕಡಿಮೆ ಹೀಗೇ ಯೋಚಿಸುತ್ತೆ. ಆ ವರ್ಷ ಮೆಲ್ಬರ್ನ್‌ನಲ್ಲಿ ಸಿಂಗಲ್ಸ್ ಗೆದ್ದವರಿಗೆ ಇಟ್ಟಿದ್ದ ಬಹುಮಾನ 31.5 ಲಕ್ಷ ಆಸ್ಟ್ರೇಲಿಯನ್ ಡಾಲರ್. ಡಬಲ್ಸ್ ಗೆದ್ದ ಜೋಡಿಗೆ 7.3 ಲಕ್ಷ. ಅದೂ ಇಬ್ಬರೂ ಹಂಚಿಕೊಳ್ಳಬೇಕು. ಅರ್ಧ ಆಟವೂ ಅಲ್ಲ, ದುಡ್ಡಿನ ಲೆಕ್ಕದಲ್ಲಿ ಎಂಟನೇ ಒಂದು ಭಾಗಕ್ಕೂ ಕಡಿಮೆ ಆಟ.

ಆ "ಅರ್ಧ ಆಟ"ವನ್ನೇ ತನ್ನ ಪೂರ್ತಿ ಆಟ ಮಾಡಿಕೊಂಡ ಮನುಷ್ಯನ ಕತೆ ಇದು. ಛಲ ಬಿಡದೆ ಗೆದ್ದರು ಅಂತ ಪತ್ರಿಕೆಗಳೆಲ್ಲ ಬರೆದವು. ನನಗೆ ಕಂಡಿದ್ದು ಸ್ವಲ್ಪ ಬೇರೆ. ಅವರು ಗೆದ್ದಿದ್ದು ಬಿಡಬೇಕಾದ್ದನ್ನು ಸರಿಯಾದ ಹೊತ್ತಿಗೆ ಬಿಟ್ಟಿದ್ದಕ್ಕೆ.

ಸೌದೆ ಸೀಳಿ ಕಲಿತ ಸರ್ವ್

ಬೋಪಣ್ಣ ಹುಟ್ಟಿದ್ದು 1980ರ ಮಾರ್ಚ್ 4ರಂದು. ತಂದೆ ಕೊಡಗಿನಲ್ಲಿ ಕಾಫಿ ಬೆಳೆಗಾರರು. ಕೊಡಗು ಅಂದ್ರೆ ಹಾಕಿ, ಅದು ನಿಮಗೂ ಗೊತ್ತು. ಹುಡುಗ ಬೋಪಣ್ಣನಿಗೂ ಹಾಕಿ, ಫುಟ್‌ಬಾಲ್ ಇಷ್ಟವೇ ಇದ್ದವು. ಆದರೆ ಮಗ ಒಬ್ಬನೇ ಆಡುವ ಆಟ ಕಲಿಯಲಿ ಅನ್ನೋದು ತಂದೆಯ ಆಸೆ. ಹಾಗಾಗಿ 11ನೇ ವಯಸ್ಸಿಗೆ ಕೈಗೆ ರಾಕೆಟ್ ಬಂತು.

ಒಬ್ಬನೇ ಆಡಲಿ ಅಂತ ಟೆನಿಸ್‌ಗೆ ಹಾಕಿದ ಹುಡುಗ ಕೊನೆಗೆ ಹೆಸರು ಮಾಡಿದ್ದು ಇಬ್ಬರು ಆಡುವ ಟೆನಿಸ್‌ನಲ್ಲಿ! ಅಪ್ಪಂದಿರ ಪ್ಲಾನ್‌ಗಳು ನಮ್ಮ ಮನೆಗಳಲ್ಲೂ ಹೀಗೇ ತಾನೇ ಕೈ ಕೊಡೋದು?

11ಕ್ಕೆ ಶುರು ಮಾಡೋದು ಟೆನಿಸ್ ಲೆಕ್ಕದಲ್ಲಿ ತಡ. ಮುಂದೆ ವೃತ್ತಿಪರರಾಗುವ ಎಷ್ಟೋ ಮಕ್ಕಳು ನಾಲ್ಕೈದು ವರ್ಷಕ್ಕೇ ಕೋರ್ಟಿಗೆ ಇಳಿದಿರುತ್ತಾರೆ. ಬೋಪಣ್ಣ ಟೆನಿಸನ್ನೇ ಬದುಕಿನ ಗುರಿ ಅಂತ ಗಟ್ಟಿ ಮಾಡಿಕೊಂಡಿದ್ದು 19ರ ಹೊತ್ತಿಗೆ. ಸರ್ವ್‌ಗೆ ಬಲ ಬರಲಿ ಅಂತ ಮರದ ತುಂಡುಗಳನ್ನು ಸೀಳಿದ್ದು, ಉಸಿರು ಗಟ್ಟಿಯಾಗಲಿ ಅಂತ ಕಾಫಿ ತೋಟಗಳ ನಡುವೆ ಓಡಿದ್ದು, ಬಿರುಕು ಬಿಟ್ಟ ಕೋರ್ಟುಗಳಲ್ಲಿ ಕನಸು ಕಂಡಿದ್ದು, ಇದನ್ನೆಲ್ಲ ಅವರೇ ತಮ್ಮ ವಿದಾಯದ ಸಂದೇಶದಲ್ಲಿ ನೆನೆಸಿಕೊಂಡಿದ್ದಾರೆ.

ಆ ಸೌದೆ ಸೀಳಿದ ಭುಜವೇ ಅವರ ಬಂಡವಾಳ ಆಯ್ತು. ಎತ್ತರದ ಆಳು, ಮೇಲಿಂದ ಗುಂಡಿನ ಹಾಗೆ ಇಳಿಯುವ ಸರ್ವ್. 2002ರಲ್ಲಿ ಆಸ್ಟ್ರೇಲಿಯಾ ವಿರುದ್ಧ ಡೇವಿಸ್ ಕಪ್‌ನಲ್ಲಿ ಭಾರತಕ್ಕೆ ಮೊದಲ ಸಲ ಆಡಿದರು. 2003ರಲ್ಲಿ ವೃತ್ತಿಪರ ಆಟಗಾರರಾದರು. ಎಲ್ಲ ಯುವಕರ ಹಾಗೆ ಅವರ ಕಣ್ಣೂ ಸಿಂಗಲ್ಸ್ ಮೇಲೇ ಇತ್ತು.

ಸಂಬಳ ಇಲ್ಲದ ನೌಕರಿ

ಇಲ್ಲಿ ಸ್ವಲ್ಪ ನಿಂತು ಈ ನೌಕರಿಯ ಸ್ವರೂಪ ನೋಡೋಣ. ನಮ್ಮಂಥ ತಿಂಗಳ ಸಂಬಳದವರಿಗೆ ಇದು ಬೇರೆಯದೇ ಲೋಕ.

ಟೆನಿಸ್ ಆಟಗಾರರಿಗೆ ಕ್ರಿಕೆಟಿಗರ ಹಾಗೆ ಬೋರ್ಡಿನ ಒಪ್ಪಂದ ಇಲ್ಲ, ತಿಂಗಳ ಸಂಬಳ ಇಲ್ಲ. ವಿಮಾನದ ಟಿಕೆಟ್, ಕೋಚ್, ಫಿಸಿಯೊ ಎಲ್ಲ ಖರ್ಚನ್ನು ತಾವೇ ಹೊಂದಿಸಿಕೊಳ್ಳಬೇಕು. ಸೋಮವಾರ ಒಂದು ದೇಶ, ಮುಂದಿನ ಸೋಮವಾರ ಇನ್ನೊಂದು ದೇಶ. ಮೊದಲ ಸುತ್ತಿನಲ್ಲಿ ಸೋತರೆ ಆ ವಾರದ ಖರ್ಚೇ ಹುಟ್ಟದಿರಬಹುದು.

ಇನ್ನು ರ್‍ಯಾಂಕಿಂಗ್. ಗಳಿಸಿದ ಪಾಯಿಂಟ್‌ಗೆ 52 ವಾರದ ಆಯುಷ್ಯ. ಹೋದ ವರ್ಷ ಈ ವಾರ ಏನು ಗೆದ್ದಿದ್ದಿರೋ ಅದು ಈ ವರ್ಷ ಇದೇ ಹೊತ್ತಿಗೆ ಲೆಕ್ಕದಿಂದ ಉದುರಿ ಹೋಗುತ್ತೆ. ಮತ್ತೆ ಅಷ್ಟೇ ಗೆದ್ದರೆ ಇದ್ದಲ್ಲೇ ಇರ್ತೀರಿ, ಇಲ್ಲದಿದ್ದರೆ ಕೆಳಗೆ. ನಮಗೆ ವರ್ಷಕ್ಕೊಂದು ಅಪ್ರೈಸಲ್ ಬಂದರೇ ಹೊಟ್ಟೆಯಲ್ಲಿ ತಳಮಳ ಆಗುತ್ತೆ. ಇವರಿಗೆ ಹೆಚ್ಚುಕಡಿಮೆ ಪ್ರತಿ ಸೋಮವಾರ ಅಪ್ರೈಸಲ್. ಜಗತ್ತಿಗೆಲ್ಲ ಕಾಣುವ ಹಾಗೆ, ನಂಬರ್ ಸಮೇತ.

ದೊಡ್ಡ ಟೂರ್ನಿಗಳಿಗೆ ನೇರ ಪ್ರವೇಶ ಸಿಗಬೇಕಾದರೆ ಸಿಂಗಲ್ಸ್‌ನಲ್ಲಿ ಸುಮಾರು ಮೊದಲ ನೂರರೊಳಗೆ ಇರಬೇಕು. ಬೋಪಣ್ಣ ಸಿಂಗಲ್ಸ್‌ನಲ್ಲಿ ತಲುಪಿದ ಅತಿ ಎತ್ತರದ ಸ್ಥಾನ 213. ಅದು 2007ರಲ್ಲಿ, ಅವರ 27ನೇ ವಯಸ್ಸಿನಲ್ಲಿ.

213 ಅಂದ್ರೆ ಏನು ಅಂತ ಯೋಚಿಸಿ. ಇಡೀ ಭೂಮಿಯ ಮೇಲೆ ಆ ಕೆಲಸವನ್ನು ನಿಮಗಿಂತ ಚೆನ್ನಾಗಿ ಮಾಡೋರು 212 ಜನ ಮಾತ್ರ. ಯಾವ ಕಂಪನಿಯಲ್ಲಾದರೂ ನಿಮ್ಮನ್ನು ಹೊತ್ತು ಮೆರೆಸ್ತಾರೆ. ಟೆನಿಸ್‌ನಲ್ಲಿ ಮಾತ್ರ 213ನೇ ಆಟಗಾರ ಅರ್ಹತಾ ಸುತ್ತುಗಳಲ್ಲೇ ಸುತ್ತುತ್ತಾ ಇರಬೇಕು.

ಇಲ್ಲೇ ಅವರು ಮೊದಲ ಗಂಟು ಬಿಚ್ಚಿದ್ದು. ಸಿಂಗಲ್ಸ್‌ಗೆ ಬೇಕಾದ್ದು ಅಂಗಳದ ಈ ಮೂಲೆಯಿಂದ ಆ ಮೂಲೆಗೆ ಗಂಟೆಗಟ್ಟಲೆ ಓಡುವ ಕಾಲು. ಡಬಲ್ಸ್‌ನಲ್ಲಿ ಅಂಕಣದ ಅಗಲ 27 ಅಡಿಯಿಂದ 36 ಅಡಿಗೆ ಏರಿದರೂ ಕಾಯೋಕೆ ಇಬ್ಬರಿದ್ದಾರೆ. ಪಾಯಿಂಟ್‌ಗಳು ಬೇಗ ಮುಗಿಯುತ್ತವೆ. ಸರ್ವ್, ರಿಟರ್ನ್, ನೆಟ್ ಹತ್ತಿರದ ವಾಲಿ, ಈ ಮೂರೇ ಬಹುಪಾಲು ತೀರ್ಮಾನ ಮಾಡೋದು. ಜೊತೆಗೆ 2006ರಲ್ಲಿ ಎಟಿಪಿ ಟೂರ್ನಿಗಳ ಡಬಲ್ಸ್ ನಿಯಮಗಳೇ ಬದಲಾಗಿದ್ದವು. ಡ್ಯೂಸ್ ಆದರೆ ಒಂದೇ ಪಾಯಿಂಟ್‌ನಲ್ಲಿ ಗೇಮ್ ಇತ್ಯರ್ಥ. ಒಂದೊಂದು ಸೆಟ್ ಸಮ ಆದರೆ ಮೂರನೇ ಸೆಟ್ ಬದಲು ಹತ್ತು ಪಾಯಿಂಟ್‌ಗಳ ಟೈಬ್ರೇಕ್. ಒಟ್ಟಿನಲ್ಲಿ ಕಾಲಿಗಿಂತ ಕೈ ಮತ್ತು ತಲೆ ಹೆಚ್ಚು ಓಡಬೇಕಾದ ಆಟ.

ಬೋಪಣ್ಣನ ಹತ್ತಿರ ಜಗತ್ತಿನ ದೊಡ್ಡ ಸರ್ವ್‌ಗಳಲ್ಲಿ ಒಂದು ಇತ್ತು. ಅದಕ್ಕೆ ಬೆಲೆ ಸಿಗುವ ಅಂಗಡಿ ಡಬಲ್ಸ್. 2008ರಲ್ಲಿ ಅಮೆರಿಕದ ಎರಿಕ್ ಬುಟೊರಾಕ್ ಜೊತೆ ಲಾಸ್ ಏಂಜಲೀಸ್‌ನಲ್ಲಿ ಮೊದಲ ಎಟಿಪಿ ಪ್ರಶಸ್ತಿ ಬಂತು. ವಯಸ್ಸು 28.

ಲಾಹೋರಿನ ಗೆಳೆಯ

ಮೂವತ್ತು ತುಂಬಿದ ವರ್ಷ, 2010, ಬೋಪಣ್ಣನ ಹೆಸರು ಮನೆಮನೆಗೆ ಬಂತು. ಜೊತೆಗಾರ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ, ಲಾಹೋರಿನವರು. ಪತ್ರಿಕೆಗಳು 'ಇಂಡೊ-ಪಾಕ್ ಎಕ್ಸ್‌ಪ್ರೆಸ್' ಅಂತ ಹೆಸರಿಟ್ಟವು. ಯುದ್ಧ ನಿಲ್ಲಿಸಿ, ಟೆನಿಸ್ ಶುರು ಮಾಡಿ ಅನ್ನೋದು ಅವರ ಘೋಷಣೆ.

ಆ ಸೆಪ್ಟೆಂಬರ್‌ನಲ್ಲಿ ಇಬ್ಬರೂ ಯುಎಸ್ ಓಪನ್ ಫೈನಲ್ ತಲುಪಿದರು. ನ್ಯೂಯಾರ್ಕಿನ ಸ್ಟೇಡಿಯಂನಲ್ಲಿ ವಿಶ್ವಸಂಸ್ಥೆಯ ಭಾರತ ಮತ್ತು ಪಾಕಿಸ್ತಾನದ ರಾಯಭಾರಿಗಳು ಒಟ್ಟಿಗೆ ಕೂತು ಚಪ್ಪಾಳೆ ಹೊಡೆದರು. ಎದುರಾಳಿಗಳು ಅಮೆರಿಕದ ಅವಳಿಗಳು, ಬ್ರಯಾನ್ ಸಹೋದರರು. ಎರಡೂ ಸೆಟ್ ಟೈಬ್ರೇಕರ್‌ಗೆ ಹೋದವು, ಎರಡೂ ಕೈ ತಪ್ಪಿದವು. ಆ ವರ್ಷ ಎಟಿಪಿಯ ಆರ್ಥರ್ ಆಷ್ ಮಾನವೀಯ ಪ್ರಶಸ್ತಿ ಈ ಜೋಡಿಗೆ ಬಂತು.

ಆ ಸೋಲಾಗಿ ಹತ್ತು ದಿನದೊಳಗೆ ಚೆನ್ನೈನಲ್ಲಿ ಡೇವಿಸ್ ಕಪ್. ಬ್ರೆಜಿಲ್ ವಿರುದ್ಧ ಭಾರತ 0-2 ಹಿಂದೆ. ಅಲ್ಲಿಂದ 2-2 ಆಗಿ, ಎಲ್ಲ ನಿರ್ಧಾರ ಆಗುವ ಐದನೇ ಪಂದ್ಯ ಬೋಪಣ್ಣನ ಪಾಲಿಗೆ ಬಂತು. ಅದೂ ಸಿಂಗಲ್ಸ್! ರಿಕಾರ್ಡೊ ಮೆಲ್ಲೊ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದರು. ಸಿಂಗಲ್ಸ್ ಅವರ ಮುಖ್ಯ ಕಸುಬಾಗಿ ಉಳಿದಿರಲಿಲ್ಲ, ಆದರೆ ಮರೆತೂ ಇರಲಿಲ್ಲ. ಬಿಟ್ಟ ಕೆಲಸವನ್ನು ಬೇಕಾದಾಗ ಎತ್ತಿಕೊಳ್ಳೋದೂ ಒಂದು ವಿದ್ಯೆ.

ಯಾರೂ ಬರೆಯದ ನಡುವಿನ ವರ್ಷಗಳು

ಸಾಧಕರ ಕತೆ ಹೇಳುವವರು ಸಾಮಾನ್ಯವಾಗಿ ಇಲ್ಲಿಂದ ಕೊನೆಯ ಗೆಲುವಿಗೆ ಹಾರಿಬಿಡ್ತಾರೆ. ಆದರೆ ನಡುವೆ ಹದಿಮೂರು ವರ್ಷ ಇವೆ. ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದ ಭಾಗ ಅದೇ.

ಈ ವರ್ಷಗಳಲ್ಲಿ ಅವರು ಸುಮ್ಮನೆ ಕೂತಿರಲಿಲ್ಲ. 2011ರಲ್ಲಿ ಖುರೇಷಿ ಜೊತೆ ಪ್ಯಾರಿಸ್ ಮಾಸ್ಟರ್ಸ್, 2012ರಲ್ಲಿ ಮಹೇಶ್ ಭೂಪತಿ ಜೊತೆ ಮತ್ತೆ ಅದೇ ಪ್ಯಾರಿಸ್, 2015ರಲ್ಲಿ ರೊಮೇನಿಯಾದ ಫ್ಲೋರಿನ್ ಮರ್ಜಿಯಾ ಜೊತೆ ಮ್ಯಾಡ್ರಿಡ್, 2017ರಲ್ಲಿ ಉರುಗ್ವೆಯ ಪಾಬ್ಲೊ ಕ್ಯುವಾಸ್ ಜೊತೆ ಮಾಂಟೆ ಕಾರ್ಲೊ. 2013ರ ಜುಲೈನಲ್ಲಿ ಡಬಲ್ಸ್ ರ್‍ಯಾಂಕಿಂಗ್‌ನಲ್ಲಿ 3ನೇ ಸ್ಥಾನ.

3ರಿಂದ 1ಕ್ಕೆ ಇನ್ನೆರಡೇ ಮೆಟ್ಟಿಲು. ಆ ಎರಡು ಮೆಟ್ಟಿಲು ಹತ್ತೋಕೆ ಹತ್ತೂವರೆ ವರ್ಷ ಹಿಡೀತು.

2017ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್‌ನಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೋವ್‌ಸ್ಕಿ ಜೊತೆ ಎರಡು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಗೆದ್ದರು. ಕೊನೆಯ ಟೈಬ್ರೇಕ್ 12-10. ಪೇಸ್, ಭೂಪತಿ, ಸಾನಿಯಾ ಆದ ಮೇಲೆ ಗ್ರ್ಯಾಂಡ್‌ಸ್ಲಾಂ ಗೆದ್ದ ನಾಲ್ಕನೇ ಭಾರತೀಯ. ಆಗ ವಯಸ್ಸು 37. 2018ರ ಏಷ್ಯನ್ ಗೇಮ್ಸ್‌ನಲ್ಲಿ ದಿವಿಜ್ ಶರಣ್ ಜೊತೆ ಚಿನ್ನ.

ಕಹಿಯೂ ಸಾಕಷ್ಟಿತ್ತು. 2012ರ ಲಂಡನ್ ಒಲಿಂಪಿಕ್ಸ್‌ಗೆ ಯಾರ ಜೊತೆ ಯಾರು ಆಡಬೇಕು ಅನ್ನೋ ಜಗಳ ಬೀದಿಗೆ ಬಂತು. ಲಿಯಾಂಡರ್ ಪೇಸ್ ಜೊತೆ ಆಡೋಕೆ ಭೂಪತಿ, ಬೋಪಣ್ಣ ಇಬ್ಬರೂ ಒಪ್ಪಲಿಲ್ಲ. ದೇಶ ಎರಡು ತಂಡ ಕಳಿಸಿತು, ಪದಕ ಯಾವುದಕ್ಕೂ ಬರಲಿಲ್ಲ. 2016ರ ರಿಯೊದಲ್ಲಿ ಅದೇ ಪೇಸ್ ಜೊತೆ ಆಡಿ ಮೊದಲ ಸುತ್ತಿನಲ್ಲೇ ಸೋತರು. ಸಾನಿಯಾ ಮಿರ್ಜಾ ಜೊತೆ ಮಿಶ್ರ ಡಬಲ್ಸ್‌ನಲ್ಲಿ ಸೆಮಿಫೈನಲ್ ತಲುಪಿ, ಅಲ್ಲೂ ಸೋತು, ಕಂಚಿನ ಪಂದ್ಯವನ್ನೂ ಸೋತರು. ನಾಲ್ಕನೇ ಸ್ಥಾನ. ಒಲಿಂಪಿಕ್ಸ್ ಪದಕ ಅವರಿಗೆ ಕೊನೆಗೂ ದಕ್ಕಲಿಲ್ಲ.

ಡಬಲ್ಸ್‌ನಲ್ಲಿ ಜೊತೆಗಾರ ಬದಲಾಗೋದು ನಮ್ಮ ಆಫೀಸಿನಲ್ಲಿ ಟೀಮ್ ಬದಲಾದ ಹಾಗೇ. ಕೆಲವು ಜೋಡಿ ಕೂಡಿ ಬರ್ತವೆ, ಕೆಲವು ಬರಲ್ಲ. ತಪ್ಪು ಯಾರದೂ ಅಲ್ಲದಿರಬಹುದು. ಗ್ರ್ಯಾಂಡ್‌ಸ್ಲಾಂ ಪುರುಷರ ಡಬಲ್ಸ್‌ನಲ್ಲಿ ಮೊದಲ ಪ್ರಶಸ್ತಿ ಬರುವ ಹೊತ್ತಿಗೆ ಬೋಪಣ್ಣ 19 ಜೊತೆಗಾರರನ್ನು ಕಂಡಿದ್ದರು. ಪ್ರತಿ ಸಲ ಹೊಸಬರ ಸರ್ವ್, ಹೊಸಬರ ಸಿಟ್ಟು, ಹೊಸಬರ ಮೌನ ಅರ್ಥ ಮಾಡಿಕೊಂಡು ಮತ್ತೆ ಮೊದಲಿಂದ ಶುರು.

ಮೊಣಕಾಲು ಹೇಳಿದ ಮಾತು

ನಲವತ್ತರ ಹೊತ್ತಿಗೆ ದೇಹ ಬಿಲ್ ಕಳಿಸಿತು. ಮೊಣಕಾಲಿನ ಮೂಳೆಗಳ ನಡುವಿನ ಮೆತ್ತನೆ ಪದರ ಸವೆದು ಹೋಗಿತ್ತು. ದಿನಕ್ಕೆ ಎರಡು ಮೂರು ನೋವಿನ ಮಾತ್ರೆ ನುಂಗಿ ಆಡುತ್ತಿದ್ದೆ ಅಂತ ಅವರೇ ಹೇಳಿಕೊಂಡಿದ್ದಾರೆ.

ಕೊರೊನಾ ಬಂದು ಟೂರ್ನಿಗಳೆಲ್ಲ ನಿಂತ ಹೊತ್ತಿನಲ್ಲಿ ಅವರು ಅಯ್ಯಂಗಾರ್ ಯೋಗಕ್ಕೆ ಕೈ ಹಾಕಿದರು. ಇದು ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ರೂಪಿಸಿದ ಪದ್ಧತಿ. ಹಗ್ಗ, ಬೆಲ್ಟ್, ಮರದ ಇಟ್ಟಿಗೆ, ಕುರ್ಚಿ ಇಂಥವುಗಳ ಆಸರೆ ಪಡೆದು ಆಸನ ಮಾಡಿಸುತ್ತಾರೆ. ದೇಹ ಬಗ್ಗದಿದ್ದರೆ ಬಗ್ಗಿಸಿ ಮುರಿಯೋದಿಲ್ಲ, ಆಸರೆ ಕೊಟ್ಟು ನಿಲ್ಲಿಸ್ತಾರೆ. ಬೋಪಣ್ಣನ ಮೊಣಕಾಲಿಗೆ ಬೇಕಾಗಿದ್ದೂ ಅದೇ. ಜಿಮ್‌ನಲ್ಲಿ ಇನ್ನಷ್ಟು ಭಾರ ಎತ್ತೋದು ಕಡಿಮೆಯಾಯ್ತು, ಕಾಲಿನ ಸ್ನಾಯುಗಳನ್ನು ನಿಧಾನವಾಗಿ ಗಟ್ಟಿ ಮಾಡೋದು ಶುರುವಾಯ್ತು. ಮಾತ್ರೆ ನಿಂತವು.

ಆದರೂ 2021 ಕೆಟ್ಟ ವರ್ಷವಾಗೇ ಬಂತು. ಐದು ತಿಂಗಳು ಒಂದೇ ಒಂದು ಪಂದ್ಯ ಗೆಲ್ಲಲಿಲ್ಲ. ಐದು ತಿಂಗಳು! ಊರೂರು ಸುತ್ತಿ, ಹೋಟೆಲ್‌ಗಳಲ್ಲಿ ಉಳಿದು, ಪ್ರತಿ ವಾರ ಸೋತು ಬ್ಯಾಗ್ ತುಂಬಿಕೊಳ್ಳೋದು. ಪೋರ್ಚುಗಲ್‌ನಲ್ಲಿ ಸಮುದ್ರದ ಎದುರು ಕೂತು, ಇದನ್ನೆಲ್ಲ ಯಾಕೆ ಮಾಡ್ತಿದೀನಿ, ಮನೆಗೆ ಹೋಗಿಬಿಡಲಾ ಅಂತ ಯೋಚಿಸಿದ್ದನ್ನು ಅವರು ನೆನೆದಿದ್ದಾರೆ. ಇನ್ನು ಸಾಕು ಅಂತ ಪತ್ನಿಗೆ ವಿಡಿಯೊ ಸಂದೇಶವನ್ನೂ ಕಳಿಸಿದ್ದರು. ಮುಂದೆ ಮೆಲ್ಬರ್ನ್‌ನಲ್ಲಿ ಕಪ್ ಹಿಡಿದು ಮಾತಾಡುವಾಗ ಹೇಳಿದ್ದು ಗೆಲುವಿನ ಕತೆಯಲ್ಲ, ಈ ಐದು ತಿಂಗಳ ಕತೆ.

ಮುಂದಿನ ವರ್ಷ, 2022ರಲ್ಲಿ, ನೆದರ್ಲೆಂಡ್ಸ್‌ನ ಮ್ಯಾಟ್ವೆ ಮಿಡಲ್‌ಕೂಪ್ ಜೊತೆ ಫ್ರೆಂಚ್ ಓಪನ್ ಸೆಮಿಫೈನಲ್‌ನಲ್ಲಿದ್ದರು.

43ನೇ ಲೆವೆಲ್

2023ರಲ್ಲಿ ಎಬ್ಡೆನ್ ಜೊತೆಯಾದರು. ಎಬ್ಡೆನ್‌ಗೂ ವಯಸ್ಸು ಮೂವತ್ತೈದು ದಾಟಿತ್ತು. ಹಿಂದಿನ ವರ್ಷವಷ್ಟೇ ವಿಂಬಲ್ಡನ್ ಡಬಲ್ಸ್ ಗೆದ್ದವರು. ಅವರ ಚುರುಕು ಕಾಲು, ಬೋಪಣ್ಣನ ಸರ್ವ್. ಒಬ್ಬರಲ್ಲಿ ಇಲ್ಲದ್ದು ಇನ್ನೊಬ್ಬರಲ್ಲಿ ಇತ್ತು.

ಫೆಬ್ರುವರಿಯಲ್ಲಿ ದೋಹಾ, ಮಾರ್ಚ್‌ನಲ್ಲಿ ಇಂಡಿಯನ್ ವೆಲ್ಸ್ ಮಾಸ್ಟರ್ಸ್. ಜುಲೈನಲ್ಲಿ ವಿಂಬಲ್ಡನ್ ಸೆಮಿಫೈನಲ್. ಸೆಪ್ಟೆಂಬರ್‌ನಲ್ಲಿ ಯುಎಸ್ ಓಪನ್ ಫೈನಲ್. 2010ರಲ್ಲಿ ಸೋತಿದ್ದ ಅದೇ ನ್ಯೂಯಾರ್ಕ್, 13 ವರ್ಷದ ಮೇಲೆ.

ಆ ಫೈನಲ್‌ನ ಮೂರನೇ ಸೆಟ್‌ನಲ್ಲಿ ಒಂದು ಘಟನೆ ನಡೀತು. ಪಾಯಿಂಟ್ ಬೋಪಣ್ಣ ಜೋಡಿಗೆ ಸಿಕ್ಕಿತ್ತು. ಅಂಪೈರ್ ಕೊಟ್ಟಾಗಿತ್ತು, ಎದುರಾಳಿಗಳೂ ಏನೂ ಕೇಳಿರಲಿಲ್ಲ. ಬೋಪಣ್ಣ ತಾವಾಗಿಯೇ ಹೋಗಿ, ಚೆಂಡು ನನ್ನ ತೋಳಿಗೆ ಸವರಿತು ಅಂತ ಹೇಳಿ ಪಾಯಿಂಟ್ ಬಿಟ್ಟುಕೊಟ್ಟರು. ಪಂದ್ಯ ರಾಜೀವ್ ರಾಮ್ ಮತ್ತು ಜೋ ಸ್ಯಾಲಿಸ್‌ಬರಿ ಪಾಲಾಯ್ತು. ಜೀವನದಲ್ಲಿ ಇನ್ನೊಂದು ಫೈನಲ್ ಸಿಗುತ್ತೋ ಇಲ್ಲವೋ ಗೊತ್ತಿಲ್ಲದ ವಯಸ್ಸಿನಲ್ಲಿ ಬಿಟ್ಟ ಪಾಯಿಂಟ್ ಅದು.

ಅದೇ ತಿಂಗಳು ಲಖನೌದಲ್ಲಿ ಮೊರಾಕ್ಕೊ ವಿರುದ್ಧ ಕೊನೆಯ ಡೇವಿಸ್ ಕಪ್ ಪಂದ್ಯ ಆಡಿದರು. ಅದಾದ ಮೇಲೆ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಋತುಜಾ ಭೋಸಲೆ ಜೊತೆ ಮಿಶ್ರ ಡಬಲ್ಸ್ ಚಿನ್ನ.

2024ರ ಜನವರಿಯ ಆಸ್ಟ್ರೇಲಿಯನ್ ಓಪನ್ ಗ್ರ್ಯಾಂಡ್‌ಸ್ಲಾಂ ಪುರುಷರ ಡಬಲ್ಸ್‌ನಲ್ಲಿ ಅವರ 61ನೇ ಪ್ರಯತ್ನ. ಮೊದಲ ಸುತ್ತೇ ಕೊನೆಯ ಸೆಟ್‌ನ ಟೈಬ್ರೇಕ್‌ವರೆಗೆ ಹೋಗಿತ್ತು. ಅಲ್ಲಿ ಸೋತಿದ್ದರೆ ಈ ಲೇಖನ ಇಲ್ಲ. ಕ್ವಾರ್ಟರ್ ಫೈನಲ್ ಗೆದ್ದ ಕೂಡಲೇ ಮುಂದಿನ ಸೋಮವಾರ ನಂಬರ್ 1 ಅನ್ನೋದು ಖಚಿತವಾಯ್ತು. ಮರುದಿನ ಪದ್ಮಶ್ರೀ ಘೋಷಣೆ. ನಾನು 43 ವರ್ಷದವನಲ್ಲ, 43ನೇ ಲೆವೆಲ್‌ನಲ್ಲಿದ್ದೀನಿ ಅನ್ನೋ ಅರ್ಥದ ಅವರ ತಮಾಷೆ ಆ ವಾರ ಎಲ್ಲರ ಬಾಯಲ್ಲಿ ಓಡಾಡಿತು.

ಮತ್ತೆ ಆ ಶನಿವಾರಕ್ಕೆ ಬರೋಣ. ಮೊದಲ ಸೆಟ್ ಟೈಬ್ರೇಕ್‌ಗೆ ಹೋಯ್ತು. ಬೋಪಣ್ಣ, ಎಬ್ಡೆನ್ ಒಂದೂ ಪಾಯಿಂಟ್ ಬಿಡದೆ 7-0 ಅಂತ ಮುಗಿಸಿದರು. ಎರಡನೇ ಸೆಟ್ 7-5. ಓಪನ್ ಯುಗದಲ್ಲಿ, ಅಂದ್ರೆ 1968ರಿಂದ ಈಚೆಗೆ, ಗ್ರ್ಯಾಂಡ್‌ಸ್ಲಾಂ ಪುರುಷರ ಡಬಲ್ಸ್ ಗೆದ್ದ ಅತಿ ಹಿರಿಯ ಆಟಗಾರ. ಸೋಮವಾರ, ಜನವರಿ 29ರಂದು, ಡಬಲ್ಸ್ ರ್‍ಯಾಂಕಿಂಗ್‌ನಲ್ಲಿ ಮೊದಲ ಸಲ ನಂಬರ್ 1 ಆದ ಅತಿ ಹಿರಿಯ ಆಟಗಾರ. ಅದಕ್ಕೂ ಮುಂಚೆ ಆ ದಾಖಲೆ 38ನೇ ವಯಸ್ಸಿನಲ್ಲಿ ಅಲ್ಲಿಗೆ ಏರಿದ್ದ ರಾಜೀವ್ ರಾಮ್ ಹೆಸರಲ್ಲಿತ್ತು.

ನಾನು ಸ್ಟೂಲಿನಿಂದ ಎದ್ದು ಕೂಗಿದ್ದಕ್ಕೆ ಪಕ್ಕದ ಅಂಗಡಿಯವರು ಇಣುಕಿ ನೋಡಿದರು. ಕ್ರಿಕೆಟ್ ಮ್ಯಾಚ್ ಇವತ್ತು ಯಾರ್ದೈತಿ ಅಂತ ಕೇಳಿದರು.

ಎಲ್ಲರಿಗೂ ಕಾಯೋಕೆ ಆಗಲ್ಲ

ಇಷ್ಟು ಓದಿ, ಕಾದರೆ ಎಲ್ಲರಿಗೂ ಸಿಗುತ್ತೆ ಅಂತ ಅನ್ನಿಸಿದರೆ ನಾನು ತಪ್ಪು ಬರೆದಿದ್ದೀನಿ ಅಂತ ಅರ್ಥ. ಕಾಯೋಕೆ ದುಡ್ಡು ಬೇಕು. ಬೋಪಣ್ಣನ ಬೆನ್ನಿಗೆ ಕಾಫಿ ಬೆಳೆಗಾರರ ಮನೆ ಇತ್ತು. ಗೋಕಾಕದ, ಮೂಡಲಗಿಯ ಒಬ್ಬ ಹುಡುಗನಿಗೋ ಹುಡುಗಿಗೋ ಅಷ್ಟೇ ದೊಡ್ಡ ಸರ್ವ್ ಇದ್ದರೂ, 27ರವರೆಗೆ 213ನೇ ರ್‍ಯಾಂಕ್ ಹಿಡಿದುಕೊಂಡು ದೇಶ ದೇಶ ಸುತ್ತೋಕೆ ಯಾವ ಮನೆ ತಡೆದೀತು? ನಮ್ಮ ಕಡೆ ಬಹಳ ಮನೆಗಳಲ್ಲಿ ಇಪ್ಪತ್ತೆರಡಕ್ಕೆ ಸಂಬಳ ಶುರುವಾಗಬೇಕು, ತಂಗಿಯ ಮದುವೆ ಆಗಬೇಕು, ಮನೆಯ ಸಾಲ ತೀರಬೇಕು.

ಸ್ವಲ್ಪ ಬಾಗಿಲು ತೆರೆದಿದೆ ಅನ್ನಿ. 2023ರಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ 25 ಸಾವಿರ ಡಾಲರ್ ಬಹುಮಾನದ ಅಂತರರಾಷ್ಟ್ರೀಯ ಪುರುಷರ ಟೂರ್ನಿಗಳು ನಡೆದವು. ರ್‍ಯಾಂಕಿಂಗ್ ಪಾಯಿಂಟ್ ಹುಡುಕುತ್ತಾ ಬಂದ ಆಟಗಾರರನ್ನು ಧಾರವಾಡಕ್ಕೆ ಬಸ್ ಹಿಡಿದು ಹೋಗಿಯೇ ನೋಡಬಹುದಾಗಿತ್ತು. ಬೋಪಣ್ಣ ಬೆಂಗಳೂರಿನಲ್ಲಿ ಅಕಾಡೆಮಿ ನಡೆಸುತ್ತಿದ್ದಾರೆ. ಭಾರತದ ಡಬಲ್ಸ್ ಆಟಗಾರರಿಗೆ ಕೋಚ್, ಫಿಸಿಯೊ ಸಿಗುವ ಹಾಗೆ ಒಂದು ಯೋಜನೆಯನ್ನೂ ಶುರು ಮಾಡಿದರು. ತಾವು ಒಂಟಿಯಾಗಿ ಹೊತ್ತ ಭಾರ ಮುಂದಿನವರಿಗೆ ಸ್ವಲ್ಪ ಹಗುರಾಗಲಿ ಅಂತ ಇರಬೇಕು.

2024ರ ಮಾರ್ಚ್‌ನಲ್ಲಿ ಮಿಯಾಮಿ ಮಾಸ್ಟರ್ಸ್ ಗೆದ್ದರು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಶ್ರೀರಾಮ್ ಬಾಲಾಜಿ ಜೊತೆ ಮೊದಲ ಸುತ್ತಿನಲ್ಲಿ ಸೋತು, ಭಾರತದ ಪರ ಇದೇ ಕೊನೆಯ ಪಂದ್ಯ ಅಂದರು. 2025ರ ನವೆಂಬರ್ 1ರಂದು, ನಮ್ಮ ರಾಜ್ಯೋತ್ಸವದ ದಿನವೇ, ವೃತ್ತಿ ಟೆನಿಸ್‌ಗೆ ವಿದಾಯ ಹೇಳಿದರು. ವಯಸ್ಸು 45. ಕೊನೆಯ ಪಂದ್ಯ ಪ್ಯಾರಿಸ್ ಮಾಸ್ಟರ್ಸ್‌ನಲ್ಲಿ, ಅಲೆಕ್ಸಾಂಡರ್ ಬುಬ್ಲಿಕ್ ಜೊತೆ. ಎರಡು ಸಲ ಕಪ್ ಎತ್ತಿದ ಟೂರ್ನಿಯಲ್ಲಿ ಮೊದಲ ಪಂದ್ಯಕ್ಕೇ ಸೋತು ಹೊರಟರು. ಒಟ್ಟು 26 ಎಟಿಪಿ ಡಬಲ್ಸ್ ಪ್ರಶಸ್ತಿ.

ಆ ಶನಿವಾರ ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಇದಿಷ್ಟೂ ಕತೆ ಹೇಳಿದೆ. ನನಗೆ ಆಗ ಆಫೀಸಿನಲ್ಲಿ ಸಂಕಟದ ಕಾಲ. ಎಂಟು ವರ್ಷ ಯಾವ ಕೆಲಸದಲ್ಲಿ ಪಳಗಿದ್ದೆನೋ ಅದು ಇನ್ನು ಬೇಡ, ಬೇರೆ ಕಲಿ ಅಂದಿದ್ದರು. ಇಪ್ಪತ್ತೆರಡರ ಹುಡುಗರ ಪಕ್ಕ ಕೂತು ಮೊದಲಿಂದ ಕಲಿಯೋದು ಅವಮಾನ ಅನ್ನಿಸ್ತಿತ್ತು. ಅದನ್ನು ಮನೆಯಲ್ಲಿ ಹೇಳಿರಲಿಲ್ಲ.

ಅಪ್ಪ ರೊಟ್ಟಿ ಮುರಿಯುತ್ತಾ ಕೇಳಿಸಿಕೊಂಡರು. ಆಮೇಲೆ ಅಂದರು:

"ರೆಡಿಮೇಡ್ ಬಂದಾಗ ನಾನೂ ಪ್ಯಾಂಟ್-ಶರ್ಟ್ ಹೊಲಿಯೂದು ಬಿಟ್ಟೆ ನೋಡ್. ಫಾಲ್-ಪೀಕೊ, ಆಲ್ಟರ್, ಸಾಲಿ ಹುಡುಗರ ಯೂನಿಫಾರ್ಮ್ ಹಿಡದೆ. ಮಂದಿ ಇವಾ ದೊಡ್ಡ ಟೇಲರ್ ಇದ್ದಂವಾ, ಈಗ ಹರದದ್ದು ಹೊಲಿತಾನ ಅಂದ್ರು. ಅಂದ್ರ ಅನ್ನಲಿ. ಅದರಾಗ ನೀ ಎಂಜಿನಿಯರಿಂಗ್ ಓದಿದಿ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದರು. "ಕತ್ರಿ ಹಿಡಿಯೂ ಕೈ ಅದ ಐತಲ್ಲ. ಅರಿವಿ ಯಾವುದಾದ್ರೇನು?"

ಸಂಜೆ ಅಂದಿದ್ದ ಅರ್ಧ ಆಟದ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ನಾನೂ ನೆನಪು ಮಾಡಲಿಲ್ಲ. ಸೋಮವಾರ ಬೆಳಿಗ್ಗೆ ಬೆಂಗಳೂರಿಗೆ ಬಂದು ಇಳಿದಾಗ, ಹೊಸ ರ್‍ಯಾಂಕಿಂಗ್ ಪಟ್ಟಿಯಲ್ಲಿ ಬೋಪಣ್ಣ ನಂಬರ್ 1. ಸ್ಕ್ರೀನ್‌ಶಾಟ್ ತೆಗೆದು ಅಪ್ಪನಿಗೆ ಕಳಿಸಿದೆ. ಆಮೇಲೆ ಲ್ಯಾಪ್‌ಟಾಪ್ ತೆರೆದು, ಹೊಸ ಟ್ರೇನಿಂಗಿನ ಮೊದಲ ಕ್ಲಾಸಿಗೆ ಹೆಸರು ಕೊಟ್ಟೆ.